ಇಂಟೀರಿಯರ್ ಆರ್ಕಿಟೆಕ್ಚರ್ ಓದಿದರೆ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದೇ?

ಪ್ರಶ್ನೆ: ಬಿ.ಕಾಂ. ಮುಗಿಸಿ ಮೂರು ವರ್ಷಗಳಿಂದ ಮಾಡ್ಯುಲರ್ ಕಿಚನ್ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಲೆಕ್ಕ ಬರೆಯಲು ಸೇರಿದವಳು ಈಗ ಗ್ರಾಹಕರ ಮನೆಗೆ ಹೋಗಿ ಅಳತೆ ತೆಗೆಯುವುದರಿಂದ ಹಿಡಿದು ನಕ್ಷೆ ಬಿಡಿಸುವವರೆಗೆ ಎಲ್ಲ ಮಾಡುತ್ತೇನೆ. ವಿದೇಶದಲ್ಲಿ ಇಂಟೀರಿಯರ್ ಆರ್ಕಿಟೆಕ್ಚರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಯಾವ ಪದವಿಯವರೂ ಸೇರಬಹುದು ಎಂದು ಏಜೆಂಟರೊಬ್ಬರು ಹೇಳಿದರು. ಅದನ್ನು ಮುಗಿಸಿ ಬಂದರೆ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದೇ? ಸಾಲ ಮಾಡಿ ಹೋಗುವಷ್ಟು ಬೆಲೆ ಅದಕ್ಕೆ ಇದೆಯೇ?
— ಓದುಗರು, ಹಾಸನ

ಬೋರ್ಡಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದಕ್ಕೆ ಉತ್ತರ ಚಿಕ್ಕದು. ಹಾಕಿಕೊಳ್ಳುವಂತಿಲ್ಲ.

ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಎಂಬ ಪದಕ್ಕೆ ಕಾನೂನಿನ ಕಾವಲಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಪದವನ್ನು ತಮ್ಮ ಹೆಸರಿನೊಂದಿಗೆ ಬಳಸಬಹುದು. ನೋಂದಣಿಗೆ ಐದು ವರ್ಷದ ಬಿ.ಆರ್ಕ್. ಅಥವಾ ಕೌನ್ಸಿಲ್ ಮಾನ್ಯ ಮಾಡಿದ, ಅದಕ್ಕೆ ಸಮನಾದ ಅರ್ಹತೆ ಬೇಕು. ಬಿ.ಕಾಂ. ಮೇಲೆ ಎರಡು ವರ್ಷದ ಇಂಟೀರಿಯರ್ ಆರ್ಕಿಟೆಕ್ಚರ್ ಓದಿದರೆ ಅದು ಆಗುವುದಿಲ್ಲ. ಕಾಯ್ದೆಯ 37ನೇ ಸೆಕ್ಷನ್‌ನಲ್ಲಿ ಒಂದು ತಮಾಷೆಯೂ ಇದೆ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮತ್ತು ನೇವಲ್ ಆರ್ಕಿಟೆಕ್ಟ್ ಎಂದು ಕರೆಸಿಕೊಳ್ಳುವವರಿಗೆ ಅಲ್ಲಿ ವಿನಾಯಿತಿ ಕೊಟ್ಟಿದ್ದಾರೆ. ಹಡಗು ವಿನ್ಯಾಸ ಮಾಡುವವರಿಗೆ ಸಿಕ್ಕ ಈ ಸವಲತ್ತು ಮನೆಯ ಒಳಗನ್ನು ವಿನ್ಯಾಸ ಮಾಡುವವರಿಗೆ ಸಿಕ್ಕಿಲ್ಲ. ಹಾಗಾಗಿ 'ಇಂಟೀರಿಯರ್ ಆರ್ಕಿಟೆಕ್ಟ್' ಎಂದು ಬರೆಸಿಕೊಂಡರೂ ತಕರಾರು ಬರಬಹುದು. 'ಇಂಟೀರಿಯರ್ ಡಿಸೈನರ್' ಎಂದು ಬರೆಸಿ, ನೆಮ್ಮದಿಯಾಗಿರಿ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಕಾಯುವುದು ಬಿರುದನ್ನೇ ಹೊರತು ಕೆಲಸವನ್ನಲ್ಲ ಎಂದು ತೀರ್ಪು ಕೊಟ್ಟಿತು. ಅಂದರೆ ವಿನ್ಯಾಸ ಮಾಡಬೇಡಿ ಎಂದು ಈ ಕಾಯ್ದೆ ಯಾರಿಗೂ ಹೇಳುವುದಿಲ್ಲ. ನಗರಪಾಲಿಕೆಯಲ್ಲಿ ನಕ್ಷೆ ಮಂಜೂರಾತಿಗೆ ಯಾರ ಸಹಿ ನಡೆಯುತ್ತದೆ ಎಂಬುದು ಬೇರೆ ನಿಯಮಗಳ ಮಾತು.

ಏಜೆಂಟರು ಪದವಿಯ ಹೆಸರನ್ನು ಹೇಳಿದರು, ಅಲ್ಲಿ ಏನು ಕಲಿಸುತ್ತಾರೆ ಎಂದು ಹೇಳಿದಂತೆ ಕಾಣುವುದಿಲ್ಲ. ಅದನ್ನು ನಾನು ಹೇಳಲು ಯತ್ನಿಸುತ್ತೇನೆ.

ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮೈಸೂರಿನ ಹಳೆಯ ಮನೆಯೊಂದನ್ನು ದಂತವೈದ್ಯರ ಕ್ಲಿನಿಕ್ ಆಗಿ ಮಾರ್ಪಡಿಸುವ ಕೆಲಸ ಬಂದಿತ್ತು. ಪಡಸಾಲೆಗೂ ನಡುಮನೆಗೂ ನಡುವೆ ಇದ್ದ ಗೋಡೆ ತೆಗೆದರೆ ರೋಗಿಗಳು ಕೂರುವುದಕ್ಕೆ ದೊಡ್ಡ ಹಾಲ್ ಸಿಗುತ್ತದೆ ಎಂದು ಒಳಾಂಗಣದ ಹೊಣೆ ಹೊತ್ತಿದ್ದವರು ನಕ್ಷೆಯಲ್ಲಿ ಕೆಂಪು ಗೆರೆ ಎಳೆದರು. ಸುತ್ತಿಗೆ ಎತ್ತುವ ಮೊದಲು ಹಿರಿಯ ಗಾರೆಯವರೊಬ್ಬರು ಮೇಲೆ ನೋಡಿ, 'ತೊಲೆ ಎಲ್ಲಿ ಕೂತಿದೆ ನೋಡಿದ್ದೀರಾ ಸ್ವಾಮಿ?' ಎಂದು ಕೇಳಿದರು. ನಾವ್ಯಾರೂ ನೋಡಿರಲಿಲ್ಲ. ಅದು ಮದ್ರಾಸ್ ತಾರಸಿಯ ಮನೆ. ಗೋಡೆಯಿಂದ ಗೋಡೆಗೆ ಮರದ ತೊಲೆ ಇಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆ ಸಾಲಿನಲ್ಲಿ ನಿಲ್ಲಿಸಿ, ಸುಣ್ಣದ ಗಾರೆ ತುಂಬಿ ಮಾಡಿದ ಛಾವಣಿ. ಎರಡೂ ಕಡೆಯ ತೊಲೆಗಳು ಬಂದು ಕೂತಿದ್ದದ್ದು ನಾವು ಒಡೆಯಲು ಹೊರಟಿದ್ದ ಗೋಡೆಯ ಮೇಲೆಯೇ.

ಬಣ್ಣ, ಪರದೆ, ಸೋಫಾ, ಫಾಲ್ಸ್ ಸೀಲಿಂಗ್ ಗೊತ್ತಿರುವುದಕ್ಕೂ ಆ ತೊಲೆ ಎಲ್ಲಿ ಕೂತಿದೆ ಎಂದು ಕೇಳುವುದಕ್ಕೂ ನಡುವೆ ಇರುವ ಜಾಗವೇ ಇಂಟೀರಿಯರ್ ಆರ್ಕಿಟೆಕ್ಚರ್. ಕನ್ನಡದಲ್ಲಿ ಒಳಾಂಗಣ ವಾಸ್ತುಶಿಲ್ಪ ಎನ್ನಬಹುದು, ಆದರೆ ಹಾಗೆಂದ ಕೂಡಲೇ ಅಡುಗೆಮನೆ ಯಾವ ಮೂಲೆಗೆ ಬರಬೇಕು ಎಂದು ಕೇಳುವ ನೆಂಟರು ನಿಮಗೂ ಇರಬಹುದು. ಈ ವಾಸ್ತು ಆ ವಾಸ್ತುವಲ್ಲ. ಖಾಲಿ ನಿವೇಶನದಲ್ಲಿ ಹೊಸದು ಕಟ್ಟುವುದು ಇದರ ಮುಖ್ಯ ಕಸುಬಲ್ಲ. ಆಗಲೇ ನಿಂತಿರುವ ಕಟ್ಟಡವನ್ನು ಓದಿ, ಭಾರ ಹೊರುವ ಗೋಡೆ ಯಾವುದು, ಬರಿಯ ಅಡ್ಡಗೋಡೆ ಯಾವುದು, ಬೆಳಕು ಎಲ್ಲಿಂದ ಬರುತ್ತದೆ, ಬೆಂಕಿ ಬಿದ್ದರೆ ಜನ ಎಲ್ಲಿಂದ ಹೊರಗೆ ಓಡುತ್ತಾರೆ ಎಂದೆಲ್ಲ ತಿಳಿದು, ಅದಕ್ಕೆ ಹೊಸ ಬಾಳು ಕೊಡುವುದು. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿರುವ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನ ಇಂಟೀರಿಯರ್ ಆರ್ಕಿಟೆಕ್ಚರ್ ವಿಭಾಗವಂತೂ ಹಳೆಯ ಕಟ್ಟಡಗಳ ಮರುಬಳಕೆಯನ್ನೇ ತನ್ನ ಓದಿನ ತಿರುಳು ಮಾಡಿಕೊಂಡಿದೆ.

ಈ ವಿಷಯ ಓದುವವರೆಲ್ಲರಿಗೂ ಒಂದಲ್ಲ ಒಂದು ದಿನ ತೋರಿಸುವ ಕಟ್ಟಡ ಇಟಲಿಯ ವೆರೋನಾದಲ್ಲಿದೆ. ಹೆಸರು ಕಾಸ್ಟೆಲ್‌ವೆಕ್ಕಿಯೊ, 14ನೇ ಶತಮಾನದ ಕೋಟೆ. 1958ರಿಂದ 1964ರವರೆಗೆ ಕಾರ್ಲೊ ಸ್ಕಾರ್ಪಾ ಎಂಬ ವಿನ್ಯಾಸಕರು ಅದರೊಳಗಿನ ವಸ್ತುಸಂಗ್ರಹಾಲಯವನ್ನು ಹೊಸದಾಗಿ ಅಣಿಗೊಳಿಸಿದರು. ಅವರು ಹಾಸಿದ ಹೊಸ ನೆಲ ಹಳೆಯ ಗೋಡೆಯನ್ನು ಮುಟ್ಟುವುದಿಲ್ಲ, ಅಂಚಿನಲ್ಲಿ ಸಣ್ಣ ಕಾಲುವೆಯಂತೆ ಜಾಗ ಬಿಟ್ಟು ನಿಲ್ಲುತ್ತದೆ. ಯಾವುದು ಕೋಟೆಯ ಕಾಲದ್ದು, ಯಾವುದು ತನ್ನ ಕಾಲದ್ದು ಎಂದು ಕಾಲಿಗೇ ತಿಳಿಯುವಂತೆ ಮಾಡಿದ್ದಾರೆ. ಹಿಂದೆ ವೆರೋನಾವನ್ನು ಆಳಿದ ಕಾಂಗ್ರಾಂಡೆ ಕುದುರೆ ಏರಿದ ಶಿಲ್ಪವನ್ನು ಕಾಂಕ್ರೀಟಿನ ಚಾಚುಪೀಠದ ಮೇಲೆ ಎತ್ತರದಲ್ಲಿ ನಿಲ್ಲಿಸಿದ್ದಾರೆ. ನಡೆಯುತ್ತ ಹೋದಂತೆ ಅದು ಕೆಳಗಿನಿಂದ, ಪಕ್ಕದಿಂದ, ಮತ್ತೆ ಬೇರೊಂದು ಕಡೆಯಿಂದ ಕಾಣುತ್ತ ಹೋಗುತ್ತದೆ.

ಇಷ್ಟು ಮಾಡಿದ ಸ್ಕಾರ್ಪಾ ಅವರಿಗೆ ಆರ್ಕಿಟೆಕ್ಟ್ ಪರವಾನಗಿ ಇರಲಿಲ್ಲ. ವೆನಿಸ್‌ನ ವಾಸ್ತುಶಿಲ್ಪ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಅದರ ಮುಖ್ಯಸ್ಥರೂ ಆದರು. ಆದರೂ ಪರವಾನಗಿಯಿಲ್ಲದೆ ವೃತ್ತಿ ನಡೆಸುತ್ತಿದ್ದಾರೆಂದು ಅವರ ಮೇಲೆ ಮೊಕದ್ದಮೆ ಬಿತ್ತು. ಜನ ಅವರನ್ನು ಕರೆಯುತ್ತಿದ್ದದ್ದು 'ಪ್ರೊಫೆಸರ್' ಎಂದು. ಈ ಕಥೆಯನ್ನು ಹಿಡಿದುಕೊಂಡು ನೀವು ಬೋರ್ಡು ಬರೆಸಲು ಹೋಗಬೇಡಿ. ಬಿರುದು ಮತ್ತು ಬುದ್ಧಿ ಬೇರೆ ಬೇರೆ ಅಂಗಡಿಯಲ್ಲಿ ಸಿಗುತ್ತವೆ ಎಂಬುದಕ್ಕಷ್ಟೇ ಹೇಳಿದೆ.

ಇಂಥ ಕೆಲಸ ಇಲ್ಲಿಯೂ ನಡೆಯುತ್ತಿದೆ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ಹಳೆಯ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಗಿದೆ. ನಿಮ್ಮ ಕಡೆ ತೊಟ್ಟಿಮನೆಗಳು ಹೋಂಸ್ಟೇಗಳಾಗುತ್ತಿರುವುದನ್ನು ನೀವೇ ಕಂಡಿರಬೇಕು. ಅವುಗಳಲ್ಲಿ ಎಷ್ಟು ಕಡೆ ತೊಟ್ಟಿಗೆ ಪಾರದರ್ಶಕ ಶೀಟು ಹೊದಿಸಿ, ಮಧ್ಯಾಹ್ನ ಒಳಗೆ ಕೂರಲಾಗದಂತೆ ಮಾಡಿದ್ದಾರೆ ಎಂಬುದನ್ನೂ ನೋಡಿರುತ್ತೀರಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಹಂಚಿನ ಕಾರ್ಖಾನೆಗಳು ಎದ್ದವು, ಈಗ ಅನೇಕವು ಮುಚ್ಚಿವೆ. ಎತ್ತರದ ಮಾಡು, ಉದ್ದನೆಯ ಒಣಗಿಸುವ ಕೊಟ್ಟಿಗೆ, ಇಟ್ಟಿಗೆಯ ಚಿಮಣಿ. ಸ್ನಾತಕೋತ್ತರ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯವನ್ನು ಯಾವ ದೇಶದ ಪ್ರಾಧ್ಯಾಪಕರೂ ಕೊಡಲಾರರು.

ಇನ್ನು ಎಲ್ಲಿ ಓದುವುದು. 'ಯಾವ ಪದವಿಯವರೂ ಸೇರಬಹುದು' ಎಂಬ ಮಾತು ಅಮೆರಿಕದ ಕೆಲವು ಶಾಲೆಗಳ ಮಟ್ಟಿಗೆ ನಿಜ. ವಿನ್ಯಾಸ ಓದದೆ ಬಂದವರಿಗೆ ಅಲ್ಲಿ ಒಂದು ಬೇಸಿಗೆ ಅವಧಿಯೋ ಒಂದಿಡೀ ವರ್ಷವೋ ಹೆಚ್ಚಿಗೆ ಸೇರಿಸುತ್ತಾರೆ. ಏಜೆಂಟರು ಎರಡು ವರ್ಷ ಎಂದಿದ್ದು ನಿಮ್ಮ ಪಾಲಿಗೆ ಮೂರಾಗಬಹುದು, ಶುಲ್ಕವೂ ಅದರ ಹಿಂದೆಯೇ ಬೆಳೆಯುತ್ತದೆ. ಪದವಿಯ ಹೆಸರು ಒಂದು ಕಡೆ ಎಂ.ಎ., ಇನ್ನೊಂದು ಕಡೆ ಎಂ.ಡೆಸ್. (ವಿನ್ಯಾಸದ ಸ್ನಾತಕೋತ್ತರ ಪದವಿ), ಮತ್ತೊಂದು ಕಡೆ ಎಂ.ಎಫ್.ಎ. ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಆರ್ಕಿಟೆಕ್ಚರ್ ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನಾಬ್, ಇಂಟೀರಿಯರ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಡಾ. ಎರಡೂ ಬೇರೆ. ಇಂಟೀರಿಯರ್ ಓದಿದವರು ವೃತ್ತಿಯಲ್ಲಿ ಬೆಳೆಯಲು ಬರೆಯುವುದು ಎನ್‌ಸಿಐಡಿಕ್ಯು ಎಂಬ ಮೂರು ಭಾಗದ ಪರೀಕ್ಷೆ, ಅದನ್ನು ಪೂರ್ತಿ ಮಾಡಲು ಓದಿನ ಜೊತೆಗೆ ಕೆಲಸದ ಅನುಭವವೂ ಬೇಕು. ಅದನ್ನು ಗೆದ್ದರೂ ಸಿಗುವುದು ಇಂಟೀರಿಯರ್ ಡಿಸೈನರ್ ಎಂಬ ಅರ್ಹತೆಯೇ.

ಜರ್ಮನಿಯ ರೀತಿ ಬೇರೆ. ಅಲ್ಲಿ 'ಇನ್ನೆನ್‌ಆರ್ಕಿಟೆಕ್ಟ್', ಅಂದರೆ ಒಳಾಂಗಣ ವಾಸ್ತುಶಿಲ್ಪಿ, ಎಂಬುದೇ ಕಾನೂನಿನ ರಕ್ಷಣೆ ಇರುವ ಬಿರುದು. ಪ್ರತಿ ರಾಜ್ಯದ ವಾಸ್ತುಶಿಲ್ಪಿಗಳ ಮಂಡಳಿಯಲ್ಲಿ ಅವರಿಗೊಂದು ಪ್ರತ್ಯೇಕ ಪಟ್ಟಿ ಇದೆ. ನಮ್ಮ ಕಾಯ್ದೆ ಕೊಡದ ಗೌರವವನ್ನು ಅಲ್ಲಿ ಕೊಟ್ಟಿದ್ದಾರೆ. ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಇಷ್ಟು ಕೇಳಿ ಹಿಗ್ಗಬೇಡಿ. ಅಲ್ಲಿನ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಅದೇ ವಿಷಯದ ಅಥವಾ ಹತ್ತಿರದ ವಿಷಯದ ಪದವಿ ಕೇಳುತ್ತಾರೆ. ಬಿ.ಕಾಂ. ಅಲ್ಲಿ ನಿಮ್ಮ ಕೈಬಿಡುತ್ತದೆ. ಬಿ.ಆರ್ಕ್. ಮಾಡಿದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಈ ಪ್ಯಾರಾ ಅವರಿಗೆ ತೋರಿಸಿ.

ಸಾಲದ ಪ್ರಶ್ನೆಗೆ ನನ್ನ ಅಭಿಪ್ರಾಯ ನೇರವಾಗಿದೆ: ಈಗಲೇ ಬೇಡ. ಮೊದಲು ನಮ್ಮ ದೇಶದಲ್ಲೇ ಯತ್ನಿಸಿ. ಇಲ್ಲಿ ಎಂ.ಆರ್ಕ್.ಗೆ ಬಿ.ಆರ್ಕ್. ಬೇಕು, ನಿಜ. ಆದರೆ ಎಂ.ಡೆಸ್.ಗೆ ಬೇಡ. ಐಐಟಿಗಳ ಎಂ.ಡೆಸ್.ಗೆ ಇರುವ ಸೀಡ್ ಪರೀಕ್ಷೆಯನ್ನು ಮೂರು ವರ್ಷದ ಯಾವುದೇ ಪದವಿಯವರು ಬರೆಯಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನದೇ ಪರೀಕ್ಷೆ ನಡೆಸುತ್ತದೆ, ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸ ಅಲ್ಲಿ ಬಹುಕಾಲದಿಂದ ಇರುವ ವಿಷಯ. ಅದೇ ಊರಿನ ಸೆಪ್ಟ್ ವಿಶ್ವವಿದ್ಯಾಲಯ 1991ರಿಂದ ಒಳಾಂಗಣ ವಿನ್ಯಾಸ ಕಲಿಸುತ್ತಿದೆ. ಪ್ರತಿಯೊಂದರ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ, ಏಜೆಂಟರ ಬಾಯಿಂದ ಕೇಳಬೇಡಿ. ಎರಡು ವರ್ಷ ಯತ್ನಿಸಿಯೂ ಇಲ್ಲಿ ಸೀಟು ಸಿಗದಿದ್ದರೆ ಆಗ ಹೊರದೇಶದ ಲೆಕ್ಕ ಹಾಕಬಹುದು. ಅಮೆರಿಕಕ್ಕೇ ಹೋಗುವುದಾದರೆ ಹಣ ಕಟ್ಟುವ ಮೊದಲು ಕೋರ್ಸಿನ ಸಿಐಪಿ ಸಂಖ್ಯೆ (ಪ್ರತಿ ಓದಿನ ವಿಷಯಕ್ಕೆ ಅಲ್ಲಿನ ಸರ್ಕಾರ ಕೊಟ್ಟಿರುವ ಗುರುತಿನ ಸಂಖ್ಯೆ) ಏನೆಂದು ಕಾಲೇಜಿಗೇ ಬರೆದು ಕೇಳಿ. ಓದಿನ ನಂತರ ಅಲ್ಲಿ ಕೆಲಸ ಮಾಡಲು ಸಿಗುವ ಅನುಮತಿ ಸಾಮಾನ್ಯವಾಗಿ 12 ತಿಂಗಳದ್ದು. ಆ ಸಂಖ್ಯೆ ವಿಜ್ಞಾನ-ತಂತ್ರಜ್ಞಾನದ ಸರ್ಕಾರಿ ಪಟ್ಟಿಯಲ್ಲಿದ್ದರೆ ಮಾತ್ರ ಇನ್ನೂ 24 ತಿಂಗಳು ಸೇರುತ್ತದೆ. ಸಾಲ ತೀರಿಸುವ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ಲೆಕ್ಕಪತ್ರ ಬಲ್ಲ ನಿಮಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿಗೇ ಅರ್ಜಿ ಹಾಕಿದರೂ ಅಂಕಪಟ್ಟಿಗಿಂತ ಹೆಚ್ಚು ನೋಡುವುದು ಪೋರ್ಟ್‌ಫೋಲಿಯೊವನ್ನು, ಅಂದರೆ ನೀವು ಮಾಡಿದ ಕೆಲಸಗಳ ಸಂಗ್ರಹವನ್ನು. ಕಂಪನಿಯ ಸಾಫ್ಟ್‌ವೇರಿನಲ್ಲಿ ತೆಗೆದ ಹೊಳೆಯುವ ಅಡುಗೆಮನೆ ಚಿತ್ರಗಳನ್ನು ಅದಕ್ಕೆ ತುಂಬಬೇಡಿ. ಆಯ್ಕೆ ಸಮಿತಿಯವರು ಅಂಥವನ್ನು ಕಂಡು ಬೇಸತ್ತಿರುತ್ತಾರೆ. ನಿಮ್ಮ ಊರಿನ ಕಡೆ ಹಳೆಯ ಮನೆಯೊಂದನ್ನು ಹಿಡಿಯಿರಿ. ಅಜ್ಜಿಯ ಮನೆಯಾದರೆ ಇನ್ನೂ ಚೆನ್ನ, ಬೇಡ ಎನ್ನುವವರಿರುವುದಿಲ್ಲ. ಜಗಲಿಯಿಂದ ಹಿತ್ತಿಲವರೆಗೆ ಅಳೆದು 1:50ರ ಪ್ರಮಾಣದಲ್ಲಿ, ಅಂದರೆ ಮನೆಯ 50 ಸೆಂ.ಮೀ.ಗೆ ಕಾಗದದಲ್ಲಿ 1 ಸೆಂ.ಮೀ.ನಂತೆ, ಬಿಡಿಸಿ. ಪ್ಲಾನ್ ಒಂದೇ ಸಾಲದು, ಮನೆಯನ್ನು ಉದ್ದಕ್ಕೆ ಸೀಳಿದಂತೆ ಒಂದು ಸೆಕ್ಷನ್ ಬಿಡಿಸಿ. ಗೋಡೆ ಎಷ್ಟು ದಪ್ಪ, ಬಾಗಿಲು ಎಷ್ಟು ಗಿಡ್ಡ, ಅಟ್ಟದ ಕೆಳಗೆ ತಲೆ ತಾಗದೆ ನಿಲ್ಲಲು ಎಷ್ಟು ಜಾಗ, ಎಲ್ಲ ಅದರಲ್ಲಿ ಕಾಣುತ್ತದೆ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ. ಯಾರು ಎಲ್ಲಿ ಕೂರುತ್ತಾರೆ, ಅಡಕೆ ಎಲ್ಲಿ ಹರವುತ್ತಾರೆ, ಮೊಬೈಲ್ ಚಾರ್ಜಿಗೆ ಎಲ್ಲಿ ಇಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಆಮೇಲೆ ಒಂದೇ ಒಂದು ಬದಲಾವಣೆ ಸೂಚಿಸಿ, ಏಕೆ ಎಂದು ಹತ್ತು ಸಾಲು ಬರೆಯಿರಿ.

ಅಳತೆಗೆ ನಿಮ್ಮ ಕಂಪನಿಯ ಐದು ಮೀಟರಿನ ಟೇಪು ಸಾಲುವುದಿಲ್ಲ, 30 ಮೀಟರಿನದು ಬೇಕು. ಕೋಣೆಯ ನಾಲ್ಕು ಗೋಡೆಗಳ ಜೊತೆಗೆ ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಿರಿ. ಹಳೆಯ ಮನೆಗಳ ಮೂಲೆಗಳು ಸರಿಯಾದ ಲಂಬಕೋನದಲ್ಲಿರುವುದು ಅಪರೂಪ, ಕರ್ಣದ ಅಳತೆ ಇಲ್ಲದಿದ್ದರೆ ಮನೆಗೆ ಬಂದು ಬಿಡಿಸಲು ಕೂತಾಗ ಕೊನೆಯ ಗೋಡೆ ಸೇರುವುದೇ ಇಲ್ಲ. ಟೇಪಿನ ಇನ್ನೊಂದು ತುದಿ ಹಿಡಿಯಲು ಅಜ್ಜಿಯನ್ನೇ ಕರೆಯಿರಿ. ಯಾವ ಗೋಡೆಯನ್ನು ಯಾವಾಗ ಕಟ್ಟಿಸಿದರು, ಏಕೆ ಕಟ್ಟಿಸಿದರು ಎಂದು ಅವರು ಹೇಳುತ್ತಾರೆ.