ಹತ್ತು ಮಾವಿನಹಣ್ಣು, ಎರಡು ಹೊಳೆ: ಬೆಳೆಯುವ ಮಕ್ಕಳ ಕಾದಂಬರಿಗೆ ಆಸ್ವಾದನಾ ಟಿಪ್ಪಣಿ

ಕೇರಳದ ಕನ್ನಡ ಶಾಲೆಗಳ ಯು.ಪಿ. (ಅಪ್ಪರ್ ಪ್ರೈಮರಿ) ಮಕ್ಕಳಿಗೆ, ಅಂದರೆ ಐದರಿಂದ ಏಳನೇ ತರಗತಿಯವರಿಗೆ, ಕಾದಂಬರಿ ಓದಿಸಿ ಆಸ್ವಾದನಾ ಟಿಪ್ಪಣಿ, ಅಂದರೆ ಓದಿದ್ದನ್ನು ಸವಿದು ಬರೆಯುವ ಟಿಪ್ಪಣಿ, ಬರೆಸಿ ಎಂದ ಕೂಡಲೇ ನಾವು ಡಿ.ಎಲ್.ಎಡ್. (ಶಿಕ್ಷಕ ತರಬೇತಿ) ವಿದ್ಯಾರ್ಥಿಗಳು ಕಥಾಸಾರ, ಪಾತ್ರ ಪರಿಚಯ, ನೀತಿ ಎಂದು ಬೋರ್ಡಿನಲ್ಲಿ ಬರೆದುಬಿಡುತ್ತೇವೆ. ಬಾಲ್ಯ ದಾಟುತ್ತಿರುವ ಮಕ್ಕಳ ಕಾದಂಬರಿಗೆ ಈ ಅಚ್ಚು ಕೂರುವುದಿಲ್ಲ. ಅಲ್ಲಿ ನೋಡಬೇಕಾದದ್ದು ಒಂದೇ: ಮಗುವಿಗೆ ಕಂಡದ್ದು ಏನು, ದೊಡ್ಡವರಿಗೆ ಕಂಡದ್ದು ಏನು, ನಡುವೆ ಎಷ್ಟು ದೂರ.

ಎರಡು ಲೆಕ್ಕದ ಪ್ರಸಂಗ ತೆಗೆದುಕೊಳ್ಳೋಣ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ (1935) ಕಾದಂಬರಿಯಲ್ಲಿ ಅಪ್ಪ ಸ್ವಾಮಿಗೆ ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣು, ಅವುಗಳಿಂದ ಅವನಿಗೆ ಹದಿನೈದು ಆಣೆ ಸಿಗಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಸಾಕು, ಅವನು ಎಷ್ಟು ಕೊಡಬೇಕು? ಉತ್ತರ ಆರು ಆಣೆ. ಸ್ವಾಮಿಗೆ ಮಾತ್ರ ಹಣ್ಣು ಮಾಗಿದೆಯೋ ಇಲ್ಲವೋ ಎಂಬ ಚಿಂತೆ. ಮಲಯಾಳದ ಲೇಖಕ ವೈಕಂ ಮುಹಮ್ಮದ್ ಬಷೀರರ ‘ಬಾಲ್ಯಕಾಲಸಖಿ’ ಕಾದಂಬರಿಯಲ್ಲಿ (1944) ಒಂದಕ್ಕೆ ಒಂದು ಸೇರಿದರೆ ಎಷ್ಟು ಎಂದು ಕೇಳಿದರೆ ಮಜೀದ್ ‘ತುಸು ದೊಡ್ಡ ಒಂದು’ ಅನ್ನುತ್ತಾನೆ. ಎರಡು ಹೊಳೆ ಕೂಡಿ ಸ್ವಲ್ಪ ದೊಡ್ಡದೊಂದು ಹೊಳೆ ಆಗುವುದು ಅವನ ಮನಸ್ಸಿನಲ್ಲಿದೆ. ತರಗತಿ ನಗುತ್ತದೆ, ಅವನಿಗೆ ಪೆಟ್ಟು ಬೀಳುತ್ತದೆ.

ಇಬ್ಬರೂ ದಡ್ಡರು ಎಂದು ಬರೆದರೆ ಟಿಪ್ಪಣಿ ಅಲ್ಲಿಗೇ ಸತ್ತಂತೆ. ಇಬ್ಬರಿಗೂ ಅಂಕಿಗಿಂತ ಮೊದಲು ವಸ್ತು ಕಾಣುತ್ತದೆ. ಲೇಖಕರು ನಗುವುದು ಹುಡುಗನನ್ನಲ್ಲ, ಪ್ರಶ್ನೆಯನ್ನು. ಪಾಠ ಅಭ್ಯಾಸದ ವೇಳೆ ಮಾವಿನ ಪ್ರಸಂಗ ಓದಿ ಹೇಳಿದಾಗ ಆರನೆಯ ತರಗತಿಯ ಒಬ್ಬ ಹುಡುಗ, “ಟೀಚರೇ, ಕಾಟು ಮಾವಾದರೆ (ಕಾಡುಮಾವು)? ಅದಕ್ಕೆ ಯಾರು ದುಡ್ಡು ಕೊಡ್ತಾರೆ?” ಎಂದ. ನನ್ನ ಲೆಕ್ಕದಲ್ಲಿ ಅವನ ಆಸ್ವಾದನಾ ಟಿಪ್ಪಣಿ ಆಗಲೇ ಅರ್ಧ ಮುಗಿದಿತ್ತು.

ಮಜೀದನ ಬಾಲ್ಯದ ಗೆಳತಿ ಸುಹರಾಳನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಲೆಕ್ಕದಲ್ಲಿ ಜಾಣೆ ಅವಳು, ಮಜೀದ್ ನೋಡಿ ಬರೆಯುವುದು ಅವಳ ಸ್ಲೇಟಿನಿಂದ. ಅವಳ ಅಪ್ಪ ತೀರಿಕೊಂಡ ಮೇಲೆ ಓದು ನಿಲ್ಲುತ್ತದೆ. ಅವಳನ್ನೂ ಓದಿಸಿ ಎಂದು ಮಜೀದ್ ತನ್ನ ಅಪ್ಪನನ್ನು ಕೇಳಿಕೊಂಡರೂ ಅವರು ಒಪ್ಪುವುದಿಲ್ಲ. ಲೆಕ್ಕ ಬಾರದವನು ಪಟ್ಟಣದ ಶಾಲೆಗೆ ಹೋಗುತ್ತಾನೆ, ಬಂದವಳು ಮನೆಯಲ್ಲಿ ಉಳಿಯುತ್ತಾಳೆ. ಬೆಳೆಯುವುದು ಎಂದರೆ ಗಂಡುಮಕ್ಕಳಿಗೆ ದಾರಿ ತೆರೆಯುವುದು, ಹೆಣ್ಣುಮಕ್ಕಳಿಗೆ ಮುಚ್ಚುವುದು ಎಂಬ ಹಳೆಯ ಕಾದಂಬರಿಗಳ ಪಾಠ ಇಲ್ಲಿ ಎದುರೆದುರೇ ಇದೆ. ಏಳನೆಯ ತರಗತಿಯ ಹುಡುಗಿಯರು ಇದನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಆದರೆ ಈ ಪುಸ್ತಕವನ್ನು ಇಡಿಯಾಗಿ ಯು.ಪಿ.ಗೆ ಕೊಡಲು ನನಗೆ ಮನಸ್ಸಿಲ್ಲ; ಉತ್ತರಾರ್ಧದ ದುಃಖ ಆ ವಯಸ್ಸಿಗೆ ಭಾರ. ಮೊದಲ ಭಾಗ ಸಾಕು. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಮಲಯಾಳ ಆಡುವ ಮಕ್ಕಳು ಹೇಗೂ ಇರುತ್ತಾರೆ. ಅವರು ಮೂಲವನ್ನು ಓದಿ ಹೇಳಲಿ, ತುಳು, ಕೊಂಕಣಿ ಮಾತಾಡುವವರು ಕನ್ನಡದಲ್ಲಿ ಬರೆಯಲಿ.

ಕನ್ನಡದ್ದೇ ಬೇಕೆಂದರೆ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೆ. 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕೃತಿ.

ಇನ್ನು ಕೊನೆಯ ಅಧ್ಯಾಯ. ‘ನಾಯಕ ಏನು ಕಲಿತ?’ ಎಂಬ ಪ್ರಶ್ನೆ ಕೇಳಿದರೆ ಮಕ್ಕಳು ಪ್ರಾಮಾಣಿಕತೆ, ಧೈರ್ಯ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಸ್ವಾಮಿ ಅಂಥದ್ದೇನೂ ಕಲಿಯುವುದಿಲ್ಲ. ಶಾಲೆ ಬಿಟ್ಟು ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಕ್ರಿಕೆಟ್ ಮ್ಯಾಚಿಗೆ ಬರಲಾಗುವುದಿಲ್ಲ, ಗೆಳೆಯ ರಾಜಂ ಮಾತು ಬಿಡುತ್ತಾನೆ. ರಾಜಂ ಊರು ಬಿಡುವ ದಿನ ಸ್ವಾಮಿ ಒಂದು ಪುಸ್ತಕ ಹಿಡಿದು ಸ್ಟೇಶನ್ನಿಗೆ ಬರುತ್ತಾನೆ. ರೈಲು ಹೊರಟ ಮೇಲೆ, ರಾಜಂ ಕಾಗದ ಬರೆಯುತ್ತಾನಾ ಎಂದು ಇನ್ನೊಬ್ಬ ಗೆಳೆಯ ಮಣಿಯನ್ನು ಕೇಳುತ್ತಾನೆ. ‘ಬರೆಯುತ್ತಾನೆ’ ಅನ್ನುತ್ತಾನೆ ಮಣಿ. ಅದು ನಿಜವೋ ಸಮಾಧಾನದ ಮಾತೋ, ಮಣಿಯ ಮುಖ ನೋಡಿದರೂ ಸ್ವಾಮಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ಪ್ರಶ್ನೆಯನ್ನು ಹೀಗೆ ತಿರುಗಿಸಿ: “ಮೊದಲ ಅಧ್ಯಾಯದ ಸ್ವಾಮಿ ಆಗಿದ್ದರೆ ಮಣಿಯ ಮುಖ ನೋಡುತ್ತಿದ್ದನಾ?” ಹೌದು ಎಂದರೂ ಅಲ್ಲ ಎಂದರೂ ಅಂಕ ಕೊಡಿ, ಯಾವ ಪುಟ ತೋರಿಸಿ ಹೇಳುತ್ತಾರೆ ಎಂಬುದಷ್ಟೇ ಲೆಕ್ಕಕ್ಕೆ. ಜೂನ್ 19ರಂದು ಕೇರಳದ ಶಾಲೆಗಳು ಆಚರಿಸುವ ವಾಚನಾ ದಿನಕ್ಕೆ ಪುಸ್ತಕ ಆರಿಸುವವರು ಇಂಥ ಒಂದು ಪ್ರಶ್ನೆ ಹುಟ್ಟುತ್ತದೆಯೇ ಎಂದು ತಾವೇ ಮೊದಲು ಓದಿ ನೋಡುವುದು ಒಳ್ಳೆಯದು.