ಕತ್ತಿ ಅದ್ದಿ ನೋಡುವ ಪರೀಕ್ಷೆ

ನಮ್ಮ ಚಿಕ್ಕಮಗಳೂರಿನ ತೋಟದವರಿಗೆ ಗಿಡದ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿದ ಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಬಿಡಿ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಮೊನ್ನೆ ತೋಟದ ಯಜಮಾನರೊಬ್ಬರು ಕ್ಲಿನಿಕ್ಕಿಗೆ ಮಾತ್ರೆ ಡಬ್ಬಿ ತಂದಿದ್ದರು. "ಡಾಕ್ಟ್ರೇ, ಮಗಳು ಬೆಂಗಳೂರಿಂದ ಕಳಿಸಿದ್ದಾಳೆ. ಕಬ್ಬಿಣ, ಆಂಟಿಆಕ್ಸಿಡೆಂಟ್ ಎರಡೂ ಇದೆಯಂತೆ. ಸುಮ್ನೆ ತಗೊಂಡ್ರೆ ಒಳ್ಳೇದೇ ಅಲ್ವಾ?"

ಅವರಿಗೆ ಅವರದೇ ಕತ್ತಿಯನ್ನು ನೆನಪಿಸಿದೆ. ಬಿಡಿ ತಾಮ್ರ ಎಲೆ ಸುಡುವ ಹಾಗೆ ಬಿಡಿ ಕಬ್ಬಿಣ ಮೈಯನ್ನೂ ಸುಡುತ್ತದೆ.

ದೊಡ್ಡವರ ಮೈಯಲ್ಲಿ ಇರುವುದು 3ರಿಂದ 4 ಗ್ರಾಂ ಕಬ್ಬಿಣ. ಅದಿಲ್ಲದೆ ರಕ್ತ ಆಮ್ಲಜನಕ ಹೊರುವುದಿಲ್ಲ. ಆದರೆ ಜೀವಕೋಶ ಕೆಲಸ ಮಾಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹುಟ್ಟುತ್ತದೆ. ಬಿಡಿ ಕಬ್ಬಿಣ ಅದಕ್ಕೆ ಸಿಕ್ಕಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಪುಂಡ ಹುಟ್ಟುತ್ತಾನೆ. ಕೋಶದ ಪೊರೆಯ ಕೊಬ್ಬು, ಪ್ರೋಟೀನು, ಡಿಎನ್ಎ, ಪಕ್ಕದಲ್ಲಿ ಏನಿದ್ದರೆ ಅದನ್ನೇ ಕಚ್ಚುತ್ತಾನೆ.

ಅದಕ್ಕೇ ಮೈ ಕಬ್ಬಿಣವನ್ನು ಒಂಟಿಯಾಗಿ ತಿರುಗಲು ಬಿಡುವುದಿಲ್ಲ. ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಅದನ್ನು ಹೊರುತ್ತದೆ. ಒಂದೊಂದರಲ್ಲೂ ಎರಡು ಸೀಟು. ಆರೋಗ್ಯವಂತರಲ್ಲಿ ಮೂರರಲ್ಲಿ ಒಂದು ಪಾಲು ಸೀಟು ಮಾತ್ರ ತುಂಬಿರುತ್ತದೆ. ಖಾಲಿ ಸೀಟು ದಂಡ ಅನ್ನಬೇಡಿ, ನಮ್ಮನ್ನು ಕಾಯುವುದೇ ಅದು. ಉಳಿದ ಕಬ್ಬಿಣಕ್ಕೆ ಫೆರಿಟಿನ್ ಎಂಬ ಉಗ್ರಾಣವಿದೆ. ಒಂದು ಫೆರಿಟಿನ್ ಒಳಗೆ ಸುಮಾರು 4500 ಕಬ್ಬಿಣದ ಪರಮಾಣು ಹಿಡಿಸುತ್ತವೆ.

ತಾಮ್ರಕ್ಕೂ ಇಂಥ ಕಟ್ಟುಪಾಡಿದೆ. ನನಗೆ ಬಹಳ ಇಷ್ಟವಾದದ್ದು ಲೋಹವನ್ನು ಹಿಡಿದಿಡುವ ಮೆಟಲೋಥಯೋನಿನ್ ಎಂಬ ಪ್ರೋಟೀನು. ವಿಲ್ಸನ್ ಕಾಯಿಲೆಯಲ್ಲಿ ತಾಮ್ರ ಹೊರಗೆ ಹೋಗದೆ ಲಿವರ್, ಮೆದುಳಿನಲ್ಲಿ ತುಂಬಿಕೊಳ್ಳುತ್ತದೆ. ಅಂಥವರಿಗೆ ಸತುವಿನ ಮಾತ್ರೆ ಕೊಡುವುದುಂಟು. ಸತು ಬಂದ ಕೂಡಲೇ ಕರುಳಿನ ಕೋಶಗಳು ಮೆಟಲೋಥಯೋನಿನ್ ಜಾಸ್ತಿ ಮಾಡುತ್ತವೆ. ಅದು ಊಟದ ತಾಮ್ರವನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಕೆಲವೇ ದಿನದಲ್ಲಿ ಆ ಕೋಶ ಉದುರುತ್ತದೆ, ತಾಮ್ರವೂ ಮಲದ ಜೊತೆ ಹೊರಗೆ!

ಇಷ್ಟಾದರೂ ತಪ್ಪಿಸಿಕೊಂಡ ಪುಂಡರನ್ನು ತಡೆಯಲು ಆಂಟಿಆಕ್ಸಿಡೆಂಟ್‌ಗಳಿವೆ. ಪೆರಾಕ್ಸೈಡನ್ನು ಒಡೆಯುವ ಕಿಣ್ವವಾದ ಕೆಟಲೇಸ್‌ನಲ್ಲಿ ಇರುವುದೂ ಕಬ್ಬಿಣವೇ. ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗೆ, ಆದರೆ ಇಲ್ಲಿ ಕಳ್ಳನ ಕೈ ಕಟ್ಟಿದೆ. ಪೊರೆಯ ಕೊಬ್ಬನ್ನು ವಿಟಮಿನ್ ಇ ಕಾಯುತ್ತದೆ. ಹಾಗಂತ ಡಬ್ಬಿಗಟ್ಟಲೆ ನುಂಗಿದರೆ ಕಾವಲು ಹೆಚ್ಚುವುದಿಲ್ಲ. ಫಿನ್ಲೆಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಿರಲಿಲ್ಲ, ಶೇ. 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಸಿ ಕೂಡ ಅಷ್ಟು ಸಾಧು ಅಲ್ಲ. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಮಕ್ಕಳ ಮೈಯಲ್ಲಿ ಕಬ್ಬಿಣ ಮಿತಿಮೀರಿರುತ್ತದೆ. ಅವರಿಗೆ ವಿಟಮಿನ್ ಸಿಯನ್ನು ನಮ್ಮಿಷ್ಟಕ್ಕೆ ಕೊಟ್ಟರೆ ಹೃದಯಕ್ಕೇ ತೊಂದರೆಯಾಗಬಹುದು.

ಯಜಮಾನರಿಗೆ ಫೆರಿಟಿನ್ ಪರೀಕ್ಷೆ ಬರೆಯಲು ಹೊರಟೆ. ಹಿಂದಿನ ವಾರ ಜ್ವರ ಬಂದಿತ್ತು ಅಂದರು. ಜ್ವರ, ಸೋಂಕಿನಲ್ಲಿ ಕಬ್ಬಿಣ ಜಾಸ್ತಿ ಇಲ್ಲದಿದ್ದರೂ ಫೆರಿಟಿನ್ ಏರುತ್ತದೆ. ಮೂರು ವಾರ ಬಿಟ್ಟು ಬನ್ನಿ, ಟ್ರಾನ್ಸ್‌ಫೆರಿನ್ ಸೀಟು ಎಷ್ಟು ತುಂಬಿದೆ ಅಂತಲೂ ನೋಡೋಣ ಎಂದೆ.

"ಡಬ್ಬಿ ಎಲ್ಲಿಟ್ಟಿರ್ತೀರಿ?" ಎಂದು ಕೇಳಿದೆ. ಊಟದ ಮೇಜಿನ ಮೇಲಂತೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಪೆಪ್ಪರಮಿಂಟಿನ ಹಾಗೆ ಕಾಣುವ ಕಬ್ಬಿಣದ ಮಾತ್ರೆಯನ್ನು ಮಗು ಹಿಡಿಗಟ್ಟಲೆ ನುಂಗಿದರೆ ಸೀಟುಗಳೆಲ್ಲ ತುಂಬಿ ಮಿಕ್ಕ ಕಬ್ಬಿಣ ಲಿವರನ್ನು ಸುಡುತ್ತದೆ. ಜೀವವೇ ಹೋಗಬಹುದು.

"ಅಯ್ಯೋ, ಮೈಲುತುತ್ತಕ್ಕೆ ಬೀಗ ಹಾಕಿಟ್ಟಿದೀನಲ್ಲ ಡಾಕ್ಟ್ರೇ!" ಎನ್ನುತ್ತಾ ಅಲ್ಲಿಂದಲೇ ಮನೆಗೆ ಫೋನ್ ಹಚ್ಚಿದರು.