ಏಳು ವರ್ಷದ ಗೀಸರ್, ನಮ್ಮೂರಿನ ಸವಳು ನೀರು

ಲಿಂಗಸುಗೂರು ರಸ್ತೆ ಕಡೆ ನಾನು ಕಟ್ಟಿಸಿಕೊಟ್ಟ ಮನೆಯೊಂದಿದೆ. ಅದರ ಯಜಮಾನರು ನಿವೃತ್ತ ಮೇಷ್ಟ್ರು. ಕಳೆದ ಚಳಿಗಾಲದಲ್ಲಿ ಒಂದು ದಿನ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. ‘ಇಂಜಿನಿಯರ್ ಸಾಹೇಬ್ರ, ಗೀಸರ್ ಸೋರಲಿಕ್ಕತ್ತದ. ಡಬ್ಬಿ ಮ್ಯಾಲೆ ಏಳು ವರ್ಷ ವಾರಂಟಿ ಅಂತ ಬರದಾರ. ಇನ್ನೂ ಎರಡು ವರ್ಷ ಆಗಿಲ್ಲ. ಸರ್ವಿಸ್ ಹುಡುಗ ಬಂದು ನಿಮ್ಮ ನೀರು ಸರಿ ಇಲ್ಲ, ವಾರಂಟಿ ಬರಂಗಿಲ್ಲ ಅಂದು ಹೋದ.’

ಆ ಗೀಸರನ್ನು ಅವರು ದೀಪಾವಳಿ ರಿಯಾಯಿತಿಯಲ್ಲಿ ಹೈದರಾಬಾದಿನಿಂದ ತಂದಿದ್ದರು. ರಾಯಚೂರಿನವರಿಗೆ ಇದು ಹೊಸದಲ್ಲ. ಹೈದರಾಬಾದ್ ನಮಗೆ ಸುಮಾರು 200 ಕಿಲೋಮೀಟರ್, ಬೆಂಗಳೂರು ಅದರ ಎರಡು ಪಟ್ಟಿಗಿಂತ ಜಾಸ್ತಿ. ಮನೆ ಕಟ್ಟಿಸುವವರು ಒಂದು ಗಾಡಿ ಮಾಡಿಕೊಂಡು ಹೋಗಿ ಟೈಲ್ಸ್, ನಲ್ಲಿ, ಕಮೋಡು, ಗೀಸರ್ ಎಲ್ಲ ಒಂದೇ ಸಲ ತುಂಬಿಕೊಂಡು ಬರುತ್ತಾರೆ. ದರ ಕಡಿಮೆ ಇರುತ್ತದೆ, ಆಯ್ಕೆ ಜಾಸ್ತಿ ಇರುತ್ತದೆ. ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಹೋಗುವ ಮುಂಚೆ ಒಂದು ಮಾತು ಹೇಳುತ್ತೇನೆ. ಅಂಗಡಿಯವರನ್ನು ‘ಎಷ್ಟು ವರ್ಷ ವಾರಂಟಿ’ ಅಂತ ಕೇಳುವ ಮೊದಲು ‘ಯಾವುದಕ್ಕೆಲ್ಲ ವಾರಂಟಿ ಇಲ್ಲ’ ಅಂತ ಕೇಳಿ. ನಮ್ಮ ಕಡೆ ಸಾಮಾನು ಕೆಡುವುದು ಮೂರು ಕಾರಣಕ್ಕೆ: ನೀರು, ಕರೆಂಟು, ಬಿಸಿಲು. ವಾರಂಟಿ ಕಾರ್ಡಿನ ಸಣ್ಣ ಅಕ್ಷರದಲ್ಲಿ ‘ಇದಕ್ಕೆ ಅನ್ವಯಿಸುವುದಿಲ್ಲ’ ಅಂತ ಬರೆದಿರುವುದೂ ಬಹಳ ಸಲ ಇವೇ ಮೂರು.

ಮೇಷ್ಟ್ರ ಕಾರ್ಡನ್ನು ಬಿಚ್ಚಿ ಓದಿದೆವು. ಏಳು ವರ್ಷ ಅಂತ ಇದ್ದದ್ದು ಒಳಗಿನ ಟ್ಯಾಂಕಿಗೆ ಮಾತ್ರ. ನೀರು ಕಾಯಿಸುವ ಕಾಯಿಲ್‌ಗೆ ಎರಡು ವರ್ಷ. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ವೈರು, ಮೇಲಿನ ಕವಚಕ್ಕೂ ಎರಡೇ. ಟ್ಯಾಂಕಿನೊಳಗೆ ಇರುವ ಮೆಗ್ನೀಸಿಯಂ ಸಲಾಕೆಗೆ ಏನೂ ಇಲ್ಲ, ಯಾಕೆಂದರೆ ಅದು ಸವೆಯಲಿಕ್ಕೆಂದೇ ಇಟ್ಟದ್ದು. ಟ್ಯಾಂಕಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಬದಲು ಈ ಸಲಾಕೆ ಕರಗುತ್ತದೆ. ಉಪ್ಪು ಜಾಸ್ತಿ ಇರುವ ನೀರಿನಲ್ಲಿ ಬೇಗ ಕರಗುತ್ತದೆ. ಅದು ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಬರುತ್ತದೆ. ಆಮೇಲೆ ಕೊನೆಯ ಪುಟದಲ್ಲಿ ಒಂದು ಸಾಲು: ಗಡಸು ನೀರಿನಿಂದ ಪದರ ಕಟ್ಟಿ ಆದ ಹಾನಿಗೆ ವಾರಂಟಿ ಇಲ್ಲ.

ನಮ್ಮ ಬೋರ್ ನೀರಿನ ಕಥೆ ನಿಮಗೆ ಗೊತ್ತು. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ನಲ್ಲಿಯ ಬಾಯಿಗೆ ಸುಣ್ಣದ ಗಂಟು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತದೆ ಅಂತ ಇದೆ. ನಾನು ಪರೀಕ್ಷೆಗೆ ಕಳಿಸಿದ ಎಷ್ಟೋ ಬೋರ್‌ಗಳು ಆ 600ನ್ನೂ ದಾಟಿವೆ. ಇಂಥ ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬಿಟ್ಟುಕೊಂಡು ಕಾಯಿಲ್ ಮೇಲೆ ಕೂರುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಹೋಗುವುದಿಲ್ಲ, ಕಾಯಿಲ್‌ನಲ್ಲೇ ಉಳಿಯುತ್ತದೆ. ಒಂದು ದಿನ ಕಾಯಿಲ್ ಸುಟ್ಟು ಹೋಗುತ್ತದೆ. ಬಿಸಿ ಜಾಸ್ತಿ ಇಟ್ಟಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಅದಕ್ಕೇ ಗುಂಡಿಯನ್ನು ಕೊನೆಯ ತನಕ ತಿರುಗಿಸಬೇಡಿ, 50-55 ಡಿಗ್ರಿ ಸ್ನಾನಕ್ಕೆ ಧಾರಾಳ ಸಾಕು.

ಹಾಗಾದರೆ ಸರ್ವಿಸ್ ಹುಡುಗ ಹೇಳಿದ್ದು ಸರಿಯೇ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರಿಯಾಯಿತಿಯ ಲೆಕ್ಕ ನೋಡೋಣ.

ಎಂಆರ್‌ಪಿ ಮೇಲೆ ಇಷ್ಟು ಪರ್ಸೆಂಟ್ ಕಡಿಮೆ ಅನ್ನುವ ಬೋರ್ಡನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಲ್ಲಿ, ಕಮೋಡು, ಬ್ಯಾಟರಿ ಇವನ್ನು ಎಂಆರ್‌ಪಿಗೆ ಕೊಂಡವರನ್ನು ನಾನಂತೂ ನೋಡಿಲ್ಲ. ಮೂರು ಅಂಗಡಿಯಲ್ಲಿ ಅದೇ ಮಾಡೆಲ್‌ಗೆ ಕೈಗೆ ಬೀಳುವ ದರ ಕೇಳಿ. ಅದಕ್ಕಿಂತ ಎಷ್ಟು ಇಳಿಯಿತು ಅನ್ನುವುದೇ ನಿಮಗೆ ಸಿಕ್ಕ ರಿಯಾಯಿತಿ. ಇಳಿದಿದ್ದರೆ ಯಾಕೆ ಇಳಿಯಿತು ಅಂತ ಕೇಳಿ. ಹಳೇ ಮಾಡೆಲ್, ಉಳಿದ ಲಾಟು, ಷೋರೂಮಿನಲ್ಲಿ ಇಟ್ಟಿದ್ದು, ಪೆಟ್ಟಿಗೆ ಜಜ್ಜಿದ್ದು: ಇವೆಲ್ಲ ಒಳ್ಳೆಯ ಕಾರಣಗಳೇ. ಷೋರೂಮಿನ ಪೀಸ್ ತಂದರೆ ‘ಎಡಗಡೆ ಗೀರು ಇದೆ, ವಾರಂಟಿ ಪೂರ್ತಿ ಇದೆ’ ಅಂತ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಕಂಡು ಕೊಂಡ ಗೀರಿನ ಬಗ್ಗೆ ನಾಳೆ ತಕರಾರು ಮಾಡಲಿಕ್ಕೆ ಬರುವುದಿಲ್ಲ. ಆದರೆ ಉಳಿದ ಯಾವ ಹಕ್ಕೂ ಹೋಗುವುದಿಲ್ಲ.

ಒಂದು ಕಾರಣ ಮಾತ್ರ ಒಪ್ಪಬೇಡಿ. ‘ಬಿಲ್ ಬ್ಯಾಡ ಅಂದ್ರ ಜಿಎಸ್‌ಟಿ ಉಳೀತದ ನೋಡ್ರಿ.’ 10,000 ರೂಪಾಯಿ ಮಾಲಿಗೆ 18 ಪರ್ಸೆಂಟ್ ಅಂದರೆ 1,800 ಉಳಿದ ಹಾಗೆ ಕಾಣುತ್ತದೆ. ಕೈಗೆ ಸಿಗುವುದು ‘ಎಸ್ಟಿಮೇಟ್’ ಅಂತ ಮೇಲೆ ಅಚ್ಚಾಗಿರುವ ಒಂದು ಚೀಟಿ. ಅದರ ಮೇಲೆ ಅಂಗಡಿ ಹೆಸರೂ ಇರುವುದಿಲ್ಲ. ವಾರಂಟಿ ಶುರುವಾದ ದಿನ ಯಾವುದು ಅಂತ ತೋರಿಸಲಿಕ್ಕೆ ನಿಮ್ಮ ಹತ್ತಿರ ಏನೂ ಉಳಿಯಲಿಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ತಪ್ಪು ವ್ಯಾಪಾರ ಅಂತಲೇ ಕರೆಯುತ್ತದೆ, ಕೇಳುವುದಕ್ಕೆ ಸಂಕೋಚ ಬೇಡ.

ಬಿಲ್ಲಿನಲ್ಲಿ ಯಾರ ಹೆಸರಿದೆ ಅನ್ನುವುದೂ ಮುಖ್ಯ. ನಮ್ಮಂಥ ಗುತ್ತಿಗೆದಾರರಿಗೆ ಅಂಗಡಿಯವರು ಸ್ವಲ್ಪ ಕಡಿಮೆ ದರ ಹಾಕುತ್ತಾರೆ. ಮನೆ ಯಜಮಾನರು ‘ನಿಮ್ಮ ಹೆಸರಲ್ಲೇ ತಂದುಬಿಡ್ರಿ’ ಅನ್ನುತ್ತಾರೆ. ನಾನು ಮೊದಲೆಲ್ಲ ತರುತ್ತಿದ್ದೆ, ಈಗ ತರುವುದಿಲ್ಲ. ದರ ನನ್ನದೇ ಇರಲಿ, ಬಿಲ್ ಅವರ ಹೆಸರಿಗೇ ಇರಲಿ. ವ್ಯಾಪಾರಕ್ಕಾಗಿ ಕೊಂಡವನನ್ನು ಕಾಯ್ದೆ ಗ್ರಾಹಕ ಅಂತ ಎಣಿಸುವುದಿಲ್ಲ. ಹೀಗಿರುವಾಗ ನನ್ನ ಹೆಸರಿನ ಬಿಲ್ ಹಿಡಿದು ಅವರು ಅಲೆದರೆ ಸುಮ್ನೆ ಇಲ್ಲದ ವಾದಕ್ಕೆ ದಾರಿ. ಇನ್ನೊಂದು: ಮಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ ಬಿಸಿಗೆ ಅಳಿಸಿ ಹೋಗುತ್ತದೆ. ನಮ್ಮ ಏಪ್ರಿಲ್, ಮೇ ಕಳೆದ ಮೇಲೆ ಬೀರುವಿನಲ್ಲಿ ಬಿಳಿ ಹಾಳೆ ಮಾತ್ರ ಸಿಕ್ಕವರಿದ್ದಾರೆ. ಅವತ್ತೇ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಿ ಇಡಿ.

ಟೈಲ್ಸ್ ವಿಷಯದಲ್ಲಿ ವಾರಂಟಿ ಅನ್ನುವುದು ಗೌಂಡಿ ಅದನ್ನು ನೆಲಕ್ಕೆ ಹಾಕುವ ತನಕ ಮಾತ್ರ ಅಂತ ತಿಳಿಯಿರಿ. ಹಾಸಿದ ಮೇಲೆ ದೂರು ತೆಗೆದುಕೊಳ್ಳುವುದಿಲ್ಲ ಅಂತ ಎಷ್ಟೋ ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ರಿಯಾಯಿತಿಯ ಟೈಲ್ಸ್ ಅಂದರೆ ಹೆಚ್ಚಾಗಿ ಮುಗಿಯುತ್ತಾ ಬಂದ ಡಿಸೈನು. ಇಪ್ಪತ್ತು ಪೆಟ್ಟಿಗೆ ಒಂದು ಬ್ಯಾಚಿನದು, ಎಂಟು ಇನ್ನೊಂದರದು ಸೇರಿಸಿ ಕೊಟ್ಟಿರುತ್ತಾರೆ. ಪ್ರತಿ ಪೆಟ್ಟಿಗೆಯ ಬದಿಗೆ ಬ್ಯಾಚ್ ನಂಬರು, ಶೇಡ್ ನಂಬರು ಇರುತ್ತದೆ. ಗಾಡಿಗೆ ಏರಿಸುವ ಮೊದಲು ಎಲ್ಲವನ್ನೂ ಓದಿ. ಅಂಗಡಿ ದೀಪದಲ್ಲಿ ಕಾಣದ ಬಣ್ಣದ ವ್ಯತ್ಯಾಸ ನಿಮ್ಮ ನಡುಮನೆಯಲ್ಲಿ ಬೆಳಗಿನ ಬಿಸಿಲು ಬಿದ್ದಾಗ ಕಾಣುತ್ತದೆ. ಎರಡು ಟೈಲ್ಸನ್ನು ಮುಖಕ್ಕೆ ಮುಖ ಹಚ್ಚಿ ಹಿಡಿಯಿರಿ. ನಡುವೆ ಅಥವಾ ಮೂಲೆಗಳಲ್ಲಿ ಬೆಳಕು ತೂರಿದರೆ ಸೊಟ್ಟಗಿದೆ. ದೊಡ್ಡ ಸೈಜಿನಲ್ಲಿ ಈ ಸೊಟ್ಟು ಜಾಸ್ತಿ. ಅಂಥದ್ದನ್ನು ಎಂಥ ಒಳ್ಳೇ ಗೌಂಡಿಯೂ ಸಮ ಹಾಸಲಾರ. ಮನೆಗೆ ಬಂದ ಮೇಲೆ ನಾಲ್ಕೈದು ಪೆಟ್ಟಿಗೆಯಿಂದ ತೆಗೆದು ಸಿಮೆಂಟಿಲ್ಲದೆ ನೆಲದ ಮೇಲೆ ಹರಡಿ ನೋಡಿ. ದೂರುವುದಿದ್ದರೆ ಅವತ್ತೇ ದೂರಬೇಕು. ಹತ್ತು ಪರ್ಸೆಂಟ್ ಜಾಸ್ತಿ ತನ್ನಿ. ಆ ಡಿಸೈನು ಮತ್ತೆ ಸಿಗುವುದಿಲ್ಲ, ಮುಂದೆ ಒಂದು ಪೈಪ್ ಒಡೆದರೆ ಆ ಜಾಗಕ್ಕೆ ಬೇಕಾಗುತ್ತದೆ.

ಇನ್ವರ್ಟರ್ ಬ್ಯಾಟರಿಯ ವಾರಂಟಿಯನ್ನು ಜನ ಅತಿ ತಪ್ಪಾಗಿ ತಿಳಿದುಕೊಂಡಿದ್ದಾರೆ ಅಂತ ನನ್ನ ಅನುಭವ. ‘36+24’ ಅಂತ ಬರೆದಿದ್ದರೆ ಐದು ವರ್ಷ ಅಂತ ಹೇಳಿ ಮಾರುತ್ತಾರೆ. ಮೊದಲ 36 ತಿಂಗಳಲ್ಲಿ ಕೆಟ್ಟರೆ ಬೇರೆ ಬ್ಯಾಟರಿ ಪುಕ್ಕಟೆ. ಮುಂದಿನ 24 ತಿಂಗಳು ‘ಪ್ರೊ ರೇಟಾ’, ಅಂದರೆ ಹೊಸದು ಕೊಂಡರೆ ಇಷ್ಟು ಪಾಲು ರಿಯಾಯಿತಿ. ಆ ಪಾಲನ್ನು ಎಣಿಸುವುದು ಸಾಮಾನ್ಯವಾಗಿ ಎಂಆರ್‌ಪಿ ಮೇಲೆ. ಉದಾಹರಣೆಗೆ ಎಂಆರ್‌ಪಿ 20,000 ಇದೆ, 40ನೇ ತಿಂಗಳಲ್ಲಿ 30 ಪರ್ಸೆಂಟ್ ಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ನೀವು ಕೊಡಬೇಕಾದ್ದು 14,000. ಅದೇ ಬ್ಯಾಟರಿ ಬಜಾರಿನಲ್ಲಿ ಹಳೆಯದನ್ನು ಕೊಟ್ಟರೆ 14,000ಕ್ಕೇ ಸಿಗುತ್ತಿದ್ದರೆ? ವಾರಂಟಿಯಲ್ಲಿ ಹೋದರೂ ಹಳೆಯದನ್ನು ಅವರಿಗೇ ಬಿಡಬೇಕು. ಉಳಿದದ್ದು ಏನೂ ಇಲ್ಲ. ಅದಕ್ಕೇ ಬ್ಯಾಟರಿ ಕೊಳ್ಳುವಾಗ ಪ್ಲಸ್ ಗುರುತಿನ ಎಡಗಡೆ ಇರುವ ಅಂಕಿಯನ್ನು ಮಾತ್ರ ನೋಡಿ. 36+24ಕ್ಕಿಂತ 48+12 ಒಳ್ಳೆಯದು, ಎರಡರ ಮೊತ್ತ 60 ಇದ್ದರೂ. ರಿಯಾಯಿತಿ ಬ್ಯಾಟರಿ ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂತದ್ದೂ ಇರಬಹುದು, ತಯಾರಾದ ತಿಂಗಳು ಯಾವುದು ಅಂತ ಕೇಳಿ ನೋಡಿ. ಕಾರ್ಡಿಗೆ ಅಂಗಡಿ ಸಿಕ್ಕಾ ಮತ್ತು ತಾರೀಖು ಬೀಳದಿದ್ದರೆ, ತಯಾರಾದ ದಿನದಿಂದಲೇ ಎಣಿಸುವವರಿದ್ದಾರೆ.

ಬೋರ್ ಮೋಟರಿನದು ಇನ್ನೂ ಬಿಗಿ. ಕೂರಿಸಿದ ದಿನದಿಂದ 12 ತಿಂಗಳು ಅಥವಾ ಕಂಪನಿಯಿಂದ ಹೊರಟ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು ಅನ್ನುವ ಷರತ್ತು ತುಂಬ ಕಡೆ ಇದೆ. ಒಂದು ವರ್ಷ ಅಂಗಡಿಯಲ್ಲೇ ಕೂತ ಮೋಟರನ್ನು ಅಗ್ಗಕ್ಕೆ ತಂದರೆ ನಿಮ್ಮ ಪಾಲಿಗೆ ಆರೇ ತಿಂಗಳು. ವೋಲ್ಟೇಜ್ ಇಳಿದಾಗ ಮೋಟರು ಜಾಸ್ತಿ ಕರೆಂಟು ಎಳೆದು ಸುಡುತ್ತದೆ. ಮೂರು ಫೇಸಿನಲ್ಲಿ ಒಂದು ಹೋದರೂ ಸುಡುತ್ತದೆ, ನೀರಿಲ್ಲದೆ ಓಡಿದರೂ ಸುಡುತ್ತದೆ. ಸುಟ್ಟ ವೈಂಡಿಂಗ್‌ಗೆ, ಅಂದರೆ ಮೋಟರಿನೊಳಗಿನ ತಂತಿಯ ಸುತ್ತಿಗೆ, ಬಹಳಷ್ಟು ಕಂಪನಿಗಳು ಬಾಗಿಲು ಹಾಕುತ್ತವೆ. ಬೋರಿನಿಂದ ಎತ್ತುವ, ಇಳಿಸುವ ಕೂಲಿಯಂತೂ ಯಾವಾಗಲೂ ನಿಮ್ಮದೇ. ರಿಯಾಯಿತಿಯಲ್ಲಿ ಉಳಿದ ದುಡ್ಡನ್ನು ಕಡಿಮೆ ವೋಲ್ಟೇಜಿಗೆ, ಒಣ ಓಟಕ್ಕೆ ತಾನೇ ಆಫ್ ಆಗುವ ಪ್ಯಾನಲ್‌ಗೆ ಹಾಕಿ. ನಮ್ಮ ಕಡೆ ವಾರಂಟಿಗಿಂತ ಆ ಪ್ಯಾನಲ್ ಜಾಸ್ತಿ ಕಾಪಾಡುತ್ತದೆ.

ಹೊರಗೋಡೆಯ ಬಣ್ಣದ ವಾರಂಟಿಗೆ ಅವರು ಹೇಳಿದ ಪ್ರೈಮರ್, ಹೇಳಿದಷ್ಟು ಕೋಟು, ಗೋಡೆಯಲ್ಲಿ ಹಸಿ ಇಲ್ಲದಿರುವುದು, ಎಲ್ಲವೂ ಕೂಡಿಬರಬೇಕು. ಕೊಟ್ಟರೂ ಬಣ್ಣ ಕೊಡುತ್ತಾರೆ, ಪೇಂಟರ್ ಕೂಲಿ ಕೊಡುವುದು ಅಪರೂಪ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಮೂರು ತಿಂಗಳು ದಾಟಿದ್ದು ಪುಕ್ಕಟೆ ಕೊಟ್ಟರೂ ಸ್ಲ್ಯಾಬಿಗೆ ಬೇಡ. ಮಿರುಗುವ ನಲ್ಲಿಯ ಬಿಳಿ ಕಲೆ ತೆಗೆಯಲು ಆಸಿಡ್ ಹಾಕಿದರೆ ಲೇಪನದ ವಾರಂಟಿ ಅಲ್ಲಿಗೇ ಮುಗಿಯಿತು. ನಿಂಬೆ ರಸ ಅಥವಾ ವಿನಿಗರ್ ಹಚ್ಚಿ ಸ್ವಲ್ಪ ಹೊತ್ತಿಗೇ ತೊಳೆದುಬಿಡಿ.

ಈಗ ಮೇಷ್ಟ್ರ ಗೀಸರಿಗೆ ಬರೋಣ. ಅವರ ನೀರು ಗಡಸು ಅನ್ನುವುದು ನಿಜ. ಆದರೆ ಕಾರ್ಡಿನಲ್ಲಿ ಇದ್ದದ್ದು ಗಡಸು ನೀರಿನಿಂದ ‘ಆದ’ ಹಾನಿ ಅಂತ. ಮನೆಯಲ್ಲಿ ಗಡಸು ನೀರಿದೆ ಅನ್ನುವುದು ಒಂದು ಮಾತು, ಟ್ಯಾಂಕು ಸೋರಿದ್ದು ಅದರಿಂದಲೇ ಅನ್ನುವುದು ಇನ್ನೊಂದು. ಬಿಚ್ಚಿಸಿ ನೋಡಿದಾಗ ಕಾಯಿಲ್ ಮೇಲೆ ಪದರ ತೆಳ್ಳಗಿತ್ತು, ಯಾಕೆಂದರೆ ಹಿಂದಿನ ವರ್ಷ ದುಡ್ಡು ಕೊಟ್ಟು ಕಂಪನಿಯವರಿಂದಲೇ ಸ್ವಚ್ಛ ಮಾಡಿಸಿದ್ದರು. ಆ ರಸೀದಿ ಇತ್ತು. ಸೋರುತ್ತಿದ್ದದ್ದು ಟ್ಯಾಂಕಿನ ಬೆಸುಗೆಯ ಹತ್ತಿರ. ನಾನು ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಬೇಡಿ. ಏನು ಕೆಟ್ಟಿದೆ, ಯಾವ ಕಾರಣಕ್ಕೆ, ಯಾವ ಷರತ್ತಿನ ಪ್ರಕಾರ ವಾರಂಟಿ ಇಲ್ಲ ಅನ್ನುವುದನ್ನು ಜಾಬ್ ಶೀಟಿನಲ್ಲಿ, ಅಂದರೆ ಸರ್ವಿಸ್‌ನವರ ಕೆಲಸದ ಚೀಟಿಯಲ್ಲಿ, ಬರೆದು ಸಹಿ ಹಾಕಿ ಕೊಡಿ ಅಂತ ಕೇಳಿ. ಎರಡನೇ ಸಲ ಬಂದ ಟೆಕ್ನಿಷಿಯನ್ ಬೆಸುಗೆ ಸೋರಿಕೆ ಅಂತಲೇ ಬರೆದ. ಸೋರುವ ಜಾಗದ ಫೋಟೊ, ಬಿಲ್ಲು, ರಸೀದಿ, ಜಾಬ್ ಶೀಟು ನಾಲ್ಕನ್ನೂ ಹಚ್ಚಿ ಕಂಪನಿಗೆ ಇಮೇಲ್ ಕಳಿಸಿದೆವು. ಮೂರು ವಾರಕ್ಕೆ ಟ್ಯಾಂಕು ಬದಲಾಯಿಸಿಕೊಟ್ಟರು. ಬದಲಾದ ಟ್ಯಾಂಕಿಗೆ ಹೊಸ ಏಳು ವರ್ಷ ಇಲ್ಲ, ಹಳೆಯದರ ಉಳಿದ ಅವಧಿ ಮಾತ್ರ.

ಕೊಡದಿದ್ದರೆ ಮುಂದೇನು ಅಂತಲೂ ಮೇಷ್ಟ್ರಿಗೆ ಹೇಳಿಟ್ಟಿದ್ದೆ. ಮೊದಲು 1915ಕ್ಕೆ ಫೋನು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡದ್ದು ಹೈದರಾಬಾದಿನಲ್ಲಿ ಅಂತ ಅಲ್ಲಿಗೆ ಅಲೆಯಬೇಕಿಲ್ಲ. 2020ರ ಜುಲೈ 20ರಿಂದ ಜಾರಿಯಾದ ಇದೇ 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು, ಅಂದರೆ ರಾಯಚೂರಿನಲ್ಲೇ. ಸಾಮಾನಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ತಕರಾರು ಹುಟ್ಟಿ ಎರಡು ವರ್ಷ ಆಗುವುದರೊಳಗೆ ಹಾಕಬೇಕು. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಅಂತ ಬಿಲ್ಲಿನ ಕೆಳಗೆ ಅಚ್ಚಾಗಿದ್ದರೆ ಹೆದರಬೇಡಿ. ದೋಷವಿರುವ ಮಾಲಿಗೆ ಆ ಸಾಲು ನಡೆಯುವುದಿಲ್ಲ.

ಈ ಪ್ರಕರಣ ಆದ ಮೇಲೆ ನಾನು ಪ್ಲಂಬಿಂಗ್ ನಕ್ಷೆಯನ್ನೇ ಬದಲಾಯಿಸಿದ್ದೇನೆ. ಮಾಳಿಗೆಯ ಮೇಲೆ ಎರಡು ಟ್ಯಾಂಕು. ಊರಿನ ನಲ್ಲಿಗೆ ಬರುವ ನದಿ ನೀರು ಒಂದಕ್ಕೆ, ಬೋರ್ ನೀರು ಇನ್ನೊಂದಕ್ಕೆ. ಗೀಸರಿಗೆ ಮತ್ತು ಅಡುಗೆಮನೆಗೆ ಮೊದಲನೆಯದರಿಂದ ಬೇರೆ ಪೈಪ್, ಫ್ಲಶ್ ಮತ್ತು ಅಂಗಳಕ್ಕೆ ಎರಡನೆಯದರಿಂದ. ಗೋಡೆ ಒಡೆಯುವ ಮೊದಲೇ ಹೇಳಿದರೆ ಇದಕ್ಕೆ ಖರ್ಚು ದೊಡ್ಡದಲ್ಲ. ಮೇಷ್ಟ್ರ ಮನೆಯಲ್ಲಿ ಗೋಡೆ ಮುಗಿದಿತ್ತು. ಆದರೂ ಹೊರಗಿನಿಂದ ಒಂದು ಪೈಪ್ ಇಳಿಸಿ ಗೀಸರಿಗೆ ನದಿ ನೀರನ್ನೇ ಕೊಟ್ಟಿದ್ದೇವೆ. ನೋಡಲಿಕ್ಕೆ ಅಷ್ಟು ಚೆಂದ ಇಲ್ಲ, ಆದರೆ ಕಳೆದ ತಿಂಗಳು ಬಿಚ್ಚಿ ನೋಡಿದಾಗ ಕಾಯಿಲ್ ಮೇಲೆ ಬೆರಳಿಗೆ ಹತ್ತುವಷ್ಟೂ ಸುಣ್ಣ ಇರಲಿಲ್ಲ.